ಹಿಂದೆ ಹೋದ ದಾರ

"ಅಯ್ಯೋ... ನನ್ನ ಜಡೆ!"

ಭ್ರಮರಾಂಬ ಕಿರುಚಿ ನಿಂತುಬಿಟ್ಟಳು. ಯಾರೋ ಜಡೆ ಹಿಡಿದು ಎಳೆದಂತಾಗಿತ್ತು. ತಿರುಗಿ ನೋಡಿದರೆ ಹತ್ತಿರದಲ್ಲಿ ಯಾರೂ ಇಲ್ಲ. ಆದರೆ ಜಡೆ ಮಾತ್ರ ತನ್ನಷ್ಟಕ್ಕೆ ಗಾಳಿಯಲ್ಲಿ ಎದ್ದು ಹುಲ್ಲುಹಾಸಿನ ಕಡೆಗೆ ಚಾಚಿಕೊಂಡಿತ್ತು. ಅದರ ತುದಿಯಿಂದ ಒಂದು ಹಳದಿ ದಾರ ಹೊರಟು, ದೂರದಲ್ಲಿ ಬೆನ್ನು ಹಾಕಿ ನಿಂತಿದ್ದ ಒಬ್ಬ ಗಂಡಸಿನ ಕೈಯ ಕೋಲಿನವರೆಗೆ ಹೋಗಿತ್ತು.

"ರೀ! ಯಾರ್ರೀ ಅದು? ಬಿಡ್ರೀ!"

ಅವನು ತಿರುಗಿದ. ಮುಖ ಬಿಳುಚಿತು.

"ಅಲ್ಲಾಡಬೇಡಿ! ಅಲ್ಲಾಡಿದ್ರೆ ಸಿಕ್ಕಾಗುತ್ತೆ!"

"ಏನು ಸಿಕ್ಕಾಗುತ್ತೆ?"

"ಕೊಕ್ಕೆ..."

ಓಡಿ ಬಂದವನು ಜಡೆಗೆ ಕೈ ಹಾಕಿದ. ಮುಡಿದಿದ್ದ ಮಲ್ಲಿಗೆಯ ನಾಲ್ಕೆಂಟು ಹೂವು ಉದುರಿದವು. ಅವನ ಉಸಿರು ಕಿವಿಯ ಹಿಂದೆ ತಾಗಿದಾಗ ಭ್ರಮರಾಂಬಳಿಗೆ ಸಿಟ್ಟು ಹೆಚ್ಚಾಯಿತು. ಸಿಟ್ಟೇ ಹೌದೇ ಎಂದು ಅವಳು ಆಗ ವಿಚಾರಿಸಿಕೊಳ್ಳಲಿಲ್ಲ.

"ಮೀನು ಹಿಡಿಯೋರು ಹೊಳೇಲಿ ಹಿಡೀಬೇಕು. ದಾರೀಲಿ ಹೋಗೋರನ್ನಲ್ಲ. ಬೆನ್ನಿಗೆ ಕಣ್ಣಿಲ್ವಾ ನಿಮಗೆ?"

"ಬೆನ್ನಿಗೆ ಯಾರಿಗಾದ್ರೂ ಕಣ್ಣಿರುತ್ತಾ ರೀ?"

"ಕಣ್ಣಿಲ್ದಿದ್ರೆ ಕತ್ತು ಇದೆಯಲ್ಲ... ತಿರುಗಿಸಿ!"

ಅವಳು ಹೇಳಿದ್ದು ಅವನ ಕಸುಬಿನ ಮೊದಲನೆಯ ಪಾಠ. ದಿನಾ ಬೆಳಿಗ್ಗೆ ಬೆಂಗಳೂರು, ಮದರಾಸಿನ ಗೆಸ್ಟುಗಳಿಗೆ ಅದನ್ನೇ ಹೇಳಿಕೊಟ್ಟು ಸಂಬಳ ತೆಗೆದುಕೊಳ್ಳುತ್ತಿದ್ದ.

ಕೊಕ್ಕೆ ಸಲೀಸಾಗಿ ಜಾರಿ ಹೊರಬಂತು. ಅದಕ್ಕೆ ಹಿಂಮುಳ್ಳು ಇರಲಿಲ್ಲ.

"ಹಿಡಿದ ಮೀನನ್ನ ವಾಪಸ್ ಬಿಡೋ ಕೊಕ್ಕೆ ಇದು. ನೋವಾಗಲ್ಲ."

"ಬಿಡೋದಾದ್ರೆ ಹಿಡಿಯೋದ್ಯಾಕೆ?"

ಇಡೀ ಕೆ.ಆರ್. ನಗರ ತಾಲ್ಲೂಕು ಅವನನ್ನು ಈ ಪ್ರಶ್ನೆ ಕೇಳಿತ್ತು. ಅವನು ಯಾರಿಗೂ ಉತ್ತರ ಕೊಟ್ಟಿರಲಿಲ್ಲ.

ಅವನ ಹೆಸರು ಉಮಾಶಂಕರ. ಬೆಟ್ಟದಪುರದ ಹೊಗೆಸೊಪ್ಪಿನ ಮನೆತನದವನು. ಬಿ.ಕಾಂ. ಮುಗಿಸಿ ಸೊಪ್ಪಿನ ಘಾಟು ತಡೆಯಲಾಗದೆ ಕಾವೇರಿ ದಂಡೆಯ ಬೋಪಯ್ಯನವರ ತೋಟ ಸೇರಿದ್ದ. ಬೋಪಯ್ಯನವರು ಕೊಡಗಿನ ಕಾಫಿ ಎಸ್ಟೇಟು ಮಕ್ಕಳಿಗೆ ಒಪ್ಪಿಸಿ, ಕೆ.ಆರ್. ನಗರದ ಆಚೆ ಹೊಳೆ ಪಕ್ಕ ತೋಟ ಕೊಂಡು, ಅಲ್ಲೊಂದು ಫ್ಲೈ ಫಿಶಿಂಗ್ ಕ್ಲಬ್ಬು ನಡೆಸುತ್ತಿದ್ದ ಮುದುಕರು. ಎರೆಹುಳ ಸಿಕ್ಕಿಸಿ ಕೂರುವ ಗಾಳ ಅದಲ್ಲ. ಗರಿ, ನೂಲು ಸುತ್ತಿ ಮಾಡಿದ ಹುಸಿನೊಣವನ್ನು ಉದ್ದನೆಯ ದಾರದಲ್ಲಿ ಬೀಸಿ, ನಿಜವಾದ ನೊಣವೇ ನೀರಿಗೆ ಇಳಿಯಿತೇನೋ ಎಂಬಂತೆ ಇಳಿಸಬೇಕು. ಮೀನು ಮೋಸಹೋದರೆ ಅದನ್ನು ಎತ್ತಿ, ನೋಡಿ, ನೀರಿಗೇ ಬಿಡಬೇಕು. ಊರವರ ಪ್ರಕಾರ ಇದು ಹಣವಿದ್ದವರಿಗೆ ಬರುವ ಕಾಯಿಲೆ.

ಆ ನೊಣ ಕಟ್ಟುವ ಕೆಲಸಕ್ಕೇ ಭ್ರಮರಾಂಬ ಅವತ್ತು ಮಿರ್ಲೆಯಿಂದ ಬಂದದ್ದು. ಹೂವು ಕಟ್ಟುವ ಹುಡುಗಿಯರ ಬೆರಳೇ ಬೇಕೆಂದು ಬೋಪಯ್ಯನವರು ಹೇಳಿ ಕಳಿಸಿದ್ದರು.

ಮನೆಯಲ್ಲಿ ಅವಳ ತಾಯಿ ಸುನಂದಮ್ಮ ಕೂಗಾಡಿದ್ದೇ ಕೂಗಾಡಿದ್ದು.

"ಲಿಂಗಪೂಜೆ ಮಾಡೋ ಕೈಲಿ ಕೋಳಿಪುಕ್ಕ ಮುಟ್ತೀಯೇನೇ? ಅದೂ ನೊಣ ಕಟ್ಟಾಕೆ! ನೊಣ ಓಡ್ಸಾಕೆ ಸಂಬಳ ಕೊಡೋರ್ನ ಕಂಡಿವ್ನಿ, ಕಟ್ಟಾಕೆ ಕೊಡೋರ್ನ ಕಾಣೆ ಕಣೆ ನಾನು!"

"ಪುಕ್ಕ ಕಟ್ಟೋದವ್ವ, ತಿನ್ನೋದಲ್ಲ."

ಹೀಗೆ ಅವಳು ಕೆಲಸಕ್ಕೆ ಸೇರಿದಳು.

* * *

ತಾನು ಕಟ್ಟಿದ ನೊಣ ಹಾರುವುದು ಹೇಗೆ ಎಂದು ನೋಡುವ ಆಸೆ ಅವಳಿಗೆ ಹುಟ್ಟಿದ್ದು ಸಹಜ. ಅದನ್ನು ತಾನೇ ಹಾರಿಸಬೇಕು ಅನ್ನಿಸಿದ್ದು ಮಾತ್ರ ಅಪಾಯ.

ಸಂಜೆ ಗೆಸ್ಟುಗಳು ಹೋದ ಮೇಲೆ ಉಮಾಶಂಕರ ಅವಳ ಕೈಗೆ ಕೋಲು ಕೊಟ್ಟ. ಕೊಕ್ಕೆ ತೆಗೆದು ತುದಿಗೆ ಒಂದು ಚೂರು ಕೆಂಪು ಉಲ್ಲನ್ ಕಟ್ಟಿದ.

"ಹಿಂದಕ್ಕೆ ಎತ್ತಿ... ನಿಲ್ಲಿಸಿ... ಈಗ ಮುಂದಕ್ಕೆ."

ಅವಳು ಬೀಸಿದಳು.

ಛಟೀರ್!

ಉಲ್ಲನ್ ಕಿತ್ತುಕೊಂಡು ಎಲ್ಲಿಗೋ ಹಾರಿಹೋಯಿತು. ಉಮಾಶಂಕರ ನಕ್ಕುಬಿಟ್ಟ.

"ಗಾಡಿ ಹೊಡೆದಿದ್ದೀರಾ?"

"ಹೂಂ. ಅಪ್ಪನ ಜೊತೆ ಕಬ್ಬಿನ ಗಾಡಿ. ಯಾಕೆ?"

"ಇದು ಬಾರುಕೋಲಿನ ಕೈ. ಎತ್ತಿಗೆ ಸದ್ದು ಬೇಕು, ಮೀನಿಗೆ ಬೇಡ. ನೋಡಿ, ದಾರ ಹಿಂದಕ್ಕೆ ಹೋಯ್ತಲ್ಲ, ಅದು ಅಲ್ಲಿ ಪೂರ್ತಿ ಬಿಚ್ಚಿಕೊಳ್ಳಬೇಕು. ಅಷ್ಟರೊಳಗೆ ಆತುರಪಟ್ಟು ಮುಂದಕ್ಕೆ ಎಳೆದ್ರೆ ಚಾಟಿ ಏಟಾಗುತ್ತೆ. ಕಾಯ್ಬೇಕು."

"ಎಷ್ಟು ಹೊತ್ತು?"

"ತಿರುಗಿ ನೋಡಿ. ದಾರಾನೇ ಹೇಳುತ್ತೆ."

ತಿರುಗಿ ನೋಡು. ಕಾಯಿ. ಇಷ್ಟೇ ಪಾಠ. ಇದನ್ನು ಕಲಿಯುವುದಕ್ಕೆ ಅವಳಿಗೆ ಒಂದು ಮಳೆಗಾಲ ಪೂರ್ತಿ ಹಿಡಿಯಿತು. ಮಣಿಕಟ್ಟು ಬಳುಕದಿರಲೆಂದು ಅವನು ತನ್ನ ಕರ್ಚೀಫಿನಿಂದ ಅವಳ ಕೈಯನ್ನು ಕೋಲಿನ ಬುಡಕ್ಕೆ ಕಟ್ಟುತ್ತಿದ್ದ. ಮೊದಲು ಗಿಡ್ಡ ದಾರ. ಅದರಲ್ಲಿ ಸದ್ದು ಅಡಗಿದ ಮೇಲೆ ಇನ್ನೊಂದು ಮೊಳ. ಸುಸ್ತಾಗುವ ಮೊದಲೇ ನಿಲ್ಲಿಸಬೇಕು, ಸುಸ್ತಾದ ಕೈ ತಪ್ಪನ್ನೇ ಕಲಿಯುತ್ತದೆ ಎನ್ನುತ್ತಿದ್ದ. ಹುಲ್ಲಿನ ಮೇಲೆ ಬೋಪಯ್ಯನವರ ಹಳೆಯ ಪಿಂಗಾಣಿ ತಟ್ಟೆಗಳನ್ನು ಇಟ್ಟು, ಉಲ್ಲನ್ ತಟ್ಟೆಯೊಳಗೇ ಬೀಳಬೇಕು ಎನ್ನುತ್ತಿದ್ದ.

ಒಂದು ಸಂಜೆ ದಾರ ಅವಳ ಹಿಂದೆ ನೀಳವಾಗಿ ಚಾಚಿ, ಒಂದು ಗಳಿಗೆ ಗಾಳಿಯಲ್ಲಿ ಹಾಗೇ ನಿಂತು, ತಲೆಯ ಮೇಲಿಂದ ಸದ್ದಿಲ್ಲದೆ ಸಾಗಿ ಹೋಯಿತು. ಉಲ್ಲನ್ ತಟ್ಟೆಯ ನಡುವೆ ಕೂತಿತು.

ಅವಳ ಕಣ್ಣು ತುಂಬಿಬಂತು.

"ಅಳ್ತಿದ್ದೀಯಾ ಭ್ರಮರ?"

ಅವನ ಬಾಯಿಂದ ಬಹುವಚನ ಅವತ್ತೇ ಬಿದ್ದುಹೋಯಿತು. ಇಬ್ಬರೂ ಅದನ್ನು ಎತ್ತಿಕೊಳ್ಳಲು ಬಗ್ಗಲಿಲ್ಲ.

"ಬಿಡೋದಾದ್ರೆ ಹಿಡಿಯೋದ್ಯಾಕೆ ಅಂದಿದ್ದೆಯಲ್ಲ..." ಅವನು ಕರ್ಚೀಫಿನ ಗಂಟು ಬಿಚ್ಚುತ್ತಾ ಹೇಳಿದ. "ನಿನ್ನ ಬಿಡಲ್ಲ."

ಸಿನಿಮಾದವರು ಹೇಳುವಂಥ ಮಾತು. ಆದರೆ ಕಾವೇರಿ ದಂಡೆಯಲ್ಲಿ, ಸಂಜೆಯ ಬಿಸಿಲಿನಲ್ಲಿ, ಇಪ್ಪತ್ತಮೂರರ ಹುಡುಗಿಗೆ ಇದಕ್ಕಿಂತ ಒಳ್ಳೆಯ ಮಾತು ಬೇಕಿರಲಿಲ್ಲ.

ಇಂಥ ಕಥೆಗಳಲ್ಲಿ ಈಗ ಒಬ್ಬ ಖಳನಾಯಕ ಬರಬೇಕು. ಇಲ್ಲಿ ಬರಲಿಲ್ಲ. ಜಾತಿ ಒಂದೇ. ಜಾತಕ ಕೂಡಿತು. ಉಮಾಶಂಕರನ ತಾಯಿ ಭದ್ರಮ್ಮ ಬಂದು ಹುಡುಗಿಯನ್ನು ನೋಡಿ, ಹೋಳಿಗೆ ತಿಂದು, ಮತ್ತೊಂದು ಹಾಕಿಸಿಕೊಂಡು ಹೋದರು. ಎಲೆ ಅಡಿಕೆ ಬದಲಾಯಿಸುವುದಕ್ಕೆ ದಿನ ಗೊತ್ತಾಯಿತು. ಕೆಡಿಸುವವರು ಯಾರೂ ಇಲ್ಲದಿದ್ದರೆ ಆ ಕೆಲಸವನ್ನು ಪ್ರೇಮಿಗಳೇ ಮಾಡಿಕೊಳ್ಳಬೇಕಾಗುತ್ತದೆ.

* * *

ಎಚ್.ಡಿ. ಕೋಟೆ ಕಡೆ, ಕಬಿನಿ ಹಿನ್ನೀರಿನ ದಂಡೆಯಲ್ಲಿ ಹೊಸದೊಂದು ಲಾಡ್ಜು ಎದ್ದಿತ್ತು. ಅಲ್ಲಿಗೆ ಫ್ಲೈ ಬೀಸುವುದು ಕಲಿಸುವ ಒಬ್ಬರು ಬೇಕಾಗಿದ್ದರು. ಒಳ್ಳೆಯ ಸಂಬಳ, ಇರಲು ಮನೆ. ಅದರ ಮ್ಯಾನೇಜರು ಬೋಪಯ್ಯನವರ ಹತ್ತಿರ ಬಂದ.

"ನಂಗೆ ಶಿಫಾರಸು ಎಲ್ಲ ಆಗೋದಿಲ್ಲ," ಎಂದರು ಬೋಪಯ್ಯ. "ಇಬ್ಬರು ಉಂಟು ನನ್ನ ಹತ್ರ. ತಟ್ಟೆ ಇಡಿ. ಯಾರ ಉಲ್ಲನ್ ಬೀಳ್ತದೋ ಅವರನ್ನ ಕರ್ಕೊಂಡು ಹೋಗಿ."

ಭ್ರಮರಾಂಬಳಿಗೆ ಆ ಕೆಲಸ ಬೇಕಿತ್ತು. ಎಷ್ಟು ಬೇಕಿತ್ತೆಂದರೆ, ಅವತ್ತಿನಿಂದ ಊಟ ಸೇರಲಿಲ್ಲ. ಹೂವು ಕಟ್ಟಿದರೆ ದೇವರ ಹೆಸರು, ನೊಣ ಕಟ್ಟಿದರೆ ಬೋಪಯ್ಯನವರ ಹೆಸರು. ಇದೊಂದು ತನ್ನ ಹೆಸರಿನದು! ಇದು ನೀನು ಮಾಡಿದ್ದು ಎಂದು ತನ್ನ ಮುಖ ನೋಡಿ ಯಾರಾದರೂ ಹೇಳಬಹುದಾದ ಒಂದೇ ಒಂದು ಕೆಲಸ...

"ನೀನು ಗೆದ್ರೆ ನಿನ್ನ ಕೋಲಿನ ಡಬ್ಬಿ ಹೊತ್ಕೊಂಡು ಹಿಂದೆ ಬರ್ತೀನಿ ಬಿಡು," ಎಂದ ಉಮಾಶಂಕರ ನಗುತ್ತಾ.

ಅಷ್ಟು ಧಾರಾಳವಾಗಿ ಮಾತಾಡುವುದು ಗೆದ್ದೇ ಗೆಲ್ಲುತ್ತೇನೆಂದು ಗೊತ್ತಿದ್ದವರಿಗೆ ಮಾತ್ರ ಸಾಧ್ಯ.

ಭಾನುವಾರ ಬೆಳಿಗ್ಗೆ ತಟ್ಟೆಗಳನ್ನು ಜೋಡಿಸಿದರು. ತೋಟದ ಜೀಪಿನ ಡ್ರೈವರ್ ಕನಕರಾಜು ತಟ್ಟೆಗಳ ಹತ್ತಿರ ನಿಂತು ಕೂಗುವವನು. ಸುತ್ತ ತೋಟದ ಆಳುಗಳು, ಗೇಟಿನ ಎದುರಿನ ಟೀ ಅಂಗಡಿಯ ಜನ. ಒಂದೊಂದೇ ತಟ್ಟೆ ದೂರವಾಗುತ್ತಾ ಹೋಯಿತು. "ಬಿತ್ತು!" "ಬಿತ್ತು ಕಣ್ರಪ್ಪೋ!" ಇಬ್ಬರೂ ಸಮ.

ಕೊನೆಯ ತಟ್ಟೆ ಹೊಳೆಯ ಅಂಚಿನಲ್ಲಿತ್ತು. ಗಾಳಿ ಎದ್ದಿತ್ತು.

ಭ್ರಮರಾಂಬ ಮೊದಲು ಬೀಸಿದಳು. ತಿರುಗಿ ನೋಡಿದಳು. ಕಾದಳು. ಉಲ್ಲನ್ ತಟ್ಟೆಯ ಅಂಚಿಗೆ ತಾಗಿ, ಯೋಚಿಸಿ, ಒಳಕ್ಕೆ ಬಿತ್ತು.

"ಬಿದ್ಬುಡ್ತು!" ಕನಕರಾಜು ಕುಣಿದ.

ಅವಳು ಹೋಗಿ ಹಿಂದಿನ ಹೊಂಗೆ ಮರದ ಕಲ್ಲುಬೆಂಚಿನ ಮೇಲೆ ಕೂತಳು. ಉಮಾಶಂಕರ ಕೋಲು ಎತ್ತಿದ. ದಾರ ಹಿಂದಕ್ಕೆ ಬಂತು. ಅವನು ಪಾಠದಂತೆ ತಿರುಗಿ ನೋಡಿದ. ಅವನ ಕಣ್ಣು ಒಂದು ಗಳಿಗೆ ಅವಳ ಕಣ್ಣಿಗೆ ಸಿಕ್ಕಿತು. ಆ ಗಳಿಗೆಯಲ್ಲಿ ತನ್ನ ಮನಸ್ಸಿನಲ್ಲಿ ಏನಿತ್ತೆಂದು ಅವಳು ಆಮೇಲೆ ಎಷ್ಟೋ ಕಾಲ ಯಾರಿಗೂ ಹೇಳಲಿಲ್ಲ. ತನಗೆ ತಾನೂ ಹೇಳಿಕೊಳ್ಳಲಿಲ್ಲ.

ಛಟೀರ್!

ಗಾಡಿ ಹೊಡೆಯುವವನ ಚಾಟಿಯ ಸದ್ದು. ಉಲ್ಲನ್ ಕಿತ್ತು ಅವನ ಕಾಲ ಬುಡದಲ್ಲೇ ಬಿತ್ತು.

ಮೇಷ್ಟ್ರು... ಮೊದಲ ದಿನದ ತಪ್ಪು ಮಾಡಿದ್ದರು!

'ಗೆದ್ದೆ... ನಾನು ಗೆದ್ದೆ!' ಅವಳು ಬೆಂಚಿನಿಂದ ಎದ್ದಳು. ಅವನ ಕಡೆಗೆ ಓಡಿದಳು.

ಅಷ್ಟರಲ್ಲಿ ಕನಕರಾಜು ಶುರುಮಾಡಿದ್ದ. "ಏನ್ ಮೇಷ್ಟ್ರೇ! ಎಂಡ್ತಿ ಆಗೋಳ್ ಕೈಲಿ ಈಗ್ಲೇ ಸೋತ್ಬುಟ್ರಲ್ಲ! ಮದ್ವೆ ಆದ್ಮೇಲೆ ಸೀರೆ ನೀವೇ ಒಗೀಬೇಕು ಕಣ್ರೀ!"

ಹೋ ಎಂದು ನಗು. ಉಮಾಶಂಕರನ ಕಿವಿ ಕೆಂಪಾಯಿತು. ಆಮೇಲೆ ಅವನೂ ನಕ್ಕ.

"ಲೋ ಕನಕ, ಅಂಥಾ ತಪ್ಪು ನಾನು ಮಾಡ್ತೀನೇನೋ? ಪಾಪ, ಆಸೆಪಟ್ಟಿದ್ಳು... ಬಿಟ್ಕೊಟ್ಟೆ ಕಣೋ."

ಭ್ರಮರಾಂಬ ಎರಡು ಮಾರು ದೂರದಲ್ಲಿದ್ದಳು. ಕಾಲು ಅಲ್ಲೇ ನಿಂತಿತು.

"ಬಿಟ್ಕೊಟ್ರಾ? ನಿಜವಾ?" ಎಂದಳು.

ಈಗಲೂ ಸರಿ, ಇಲ್ಲ ಅನ್ನಬಹುದಿತ್ತು. ಒಂದೇ ಒಂದು ಮಾತು! ಅವನು ಕನಕರಾಜುವನ್ನು ನೋಡಿದ, ಟೀ ಅಂಗಡಿಯವರನ್ನು ನೋಡಿದ, ಮ್ಯಾನೇಜರನ್ನು ನೋಡಿದ. ಅವಳನ್ನು ನೋಡಲಿಲ್ಲ.

"ಹೋಗ್ಲಿ ಬಿಡು ಭ್ರಮರ. ಗೆದ್ದೆಯಲ್ಲ, ಖುಷಿಪಡು."

ಮ್ಯಾನೇಜರಿಗೆ ಮನಸ್ಸು ತುಂಬಿಬಂತು. ಕಲಿಸುವವರಿಗೆ ಇರಬೇಕಾದದ್ದೇ ಈ ದೊಡ್ಡತನ ಎಂದು ಹೊಗಳಿ, ಉಮಾಶಂಕರನ ಕೈ ಕುಲುಕಿ, ಕೆಲಸವನ್ನು ಅವನಿಗೇ ಕೊಟ್ಟ. ಅವನು ತೆಗೆದುಕೊಂಡ.

ಗೆದ್ದ ಭ್ರಮರಾಂಬ ತಟ್ಟೆಗಳನ್ನು ಎತ್ತಿ, ತೊಳೆದು, ಒರೆಸಿ ಒಳಗಿಟ್ಟಳು.

* * *

ಎಲೆ ಅಡಿಕೆಯ ದಿನ ಮಿರ್ಲೆಯ ಮನೆಯ ಪಡಸಾಲೆಯಲ್ಲಿ ಎರಡೂ ಕಡೆಯವರು ಕೂತಿದ್ದಾಗ ಅವಳು ಬಂದು ನಿಂತಳು.

"ಕ್ಷಮಿಸಿ. ನನಗೆ ಈ ಮದುವೆ ಬೇಡ. ಬಿಟ್ಟುಕೊಡೋ ಗಂಡ ನನಗೆ ಬೇಡ."

ಭದ್ರಮ್ಮ ಬಾಯಿ ತೆರೆದವರು ಮುಚ್ಚಲಿಲ್ಲ. ಉಮಾಶಂಕರ ತಲೆ ತಗ್ಗಿಸಿದ. ಯಾರಿಗೂ ಅರ್ಥವಾಗಲಿಲ್ಲ, ಅವನೊಬ್ಬನನ್ನು ಬಿಟ್ಟು. ಅರ್ಥವಾದವನು ಮಾತಾಡಲಿಲ್ಲ.

ಅವರೆಲ್ಲ ಹೋದ ಮೇಲೆ ಸುನಂದಮ್ಮ ಸೆರಗಿನಲ್ಲಿ ಮೂಗು ಒರೆಸಿಕೊಂಡು ಅತ್ತರು.

"ಬುಟ್ಕೊಡೋ ಗಂಡ ಬ್ಯಾಡ್ವಂತೆ! ಅಂಥವ್ನು ಸಿಗೋದೇ ಕಷ್ಟ ಕಣೆ! ನಿಮ್ಮಪ್ಪ ಇವತ್ಗೂ ಒಂದ್ ಮಾತ್ ಬುಟ್ಕೊಟ್ಟವ್ರಲ್ಲ, ನಾನು ಬಾಳ್ವೆ ಮಾಡ್ಲಿಲ್ವಾ?"

"ನಿನಗೆ ಅರ್ಥ ಆಗಲ್ಲವ್ವ."

"ಆಗಾದು ಬ್ಯಾಡ ಬುಡು."

ಆಮೇಲೆ ಬಂದ ಸಂಬಂಧಗಳನ್ನೂ ಅವಳು ಒಪ್ಪಲಿಲ್ಲ. ಹುಡುಗಿಗೆ ಬೋಪಯ್ಯನ ನೊಣ ಕಚ್ಚಿದೆ ಎಂದು ಊರು ನಕ್ಕಿತು. ಮೂರು ವರ್ಷ ನಗುವುದಕ್ಕೆ ಒಂದೇ ಜೋಕು ಸಾಕಾಯಿತು ಊರಿಗೆ.

ದಿನಾ ಸಂಜೆ ಅವಳು ಒಬ್ಬಳೇ ಹುಲ್ಲಿನ ಮೇಲೆ ಬೀಸುತ್ತಿದ್ದಳು. ಯಾವ ತಟ್ಟೆಯೂ ತಪ್ಪುತ್ತಿರಲಿಲ್ಲ. ಗಾಳಿಯಲ್ಲೂ ತಪ್ಪುತ್ತಿರಲಿಲ್ಲ. ಆದರೆ ಪ್ರತಿ ಸಲ ಉಲ್ಲನ್ ತಟ್ಟೆಗೆ ಬಿದ್ದಾಗಲೂ ಒಳಗಿನಿಂದ ಒಂದು ದನಿ, 'ಬಿಟ್ಕೊಟ್ಟೆ ಕಣೋ...'

'ನಿಜವಾಗ್ಲೂ ಬಿಟ್ಟುಕೊಟ್ಟರಾ? ಅಷ್ಟು ಪಳಗಿದ ಕೈ... ಮೊದಲ ದಿನದ ತಪ್ಪು ಹೇಗೆ ಮಾಡುತ್ತೆ? ಬೇಕೆಂದೇ ಮಾಡಿರಬೇಕು. ಹಾಗಾದರೆ ನಾನು ಗೆದ್ದೇ ಇಲ್ಲವಾ?'

ಒಂದು ದಿನ ಅವಳಿಗೆ ವಿಚಿತ್ರವಾದ ಯೋಚನೆ ಬಂತು. ಬೇಕೆಂದೇ ತಪ್ಪು ಮಾಡಿ ನೋಡಿದರೆ?

ಬೀಸಿದಳು, ಕಾಯದೆ ಎಳೆದಳು. ಚಟ್. ಸದ್ದು ಬಂತು, ಆದರೆ ಒಣಕಲು ಸದ್ದು. ಉಲ್ಲನ್ ಉಳಿದಿತ್ತು. ಮತ್ತೆ ಮಾಡಿದಳು. ಮತ್ತೆ ಚಟ್. ವಾರಗಟ್ಟಲೆ ತಪ್ಪನ್ನೇ ಅಭ್ಯಾಸ ಮಾಡಿದಳು. ಕಲಿತ ಕೈ ಬೇಕೆಂದು ತಪ್ಪು ಮಾಡುವಾಗಲೂ ಕೊನೆಯ ಗಳಿಗೆಯಲ್ಲಿ ಸ್ವಲ್ಪ ತಡೆಯುತ್ತದೆ. ಭುಜ ಏಳುವುದಿಲ್ಲ. ಆ ಛಟೀರ್ ಬರುವುದು ಭುಜ ಹೆದರಿ ಮೇಲೆದ್ದಾಗ ಮಾತ್ರ.

ಅವತ್ತು ಅವನ ಭುಜ ಎದ್ದಿತ್ತಾ? ನೆನಪಿಲ್ಲ... ಅವಳು ನೋಡಿದ್ದು ಅವನ ಕಣ್ಣನ್ನು. ಸದ್ದೊಂದು ಮಾತ್ರ ಕಿವಿಯಲ್ಲಿ ಉಳಿದಿತ್ತು. ಅದನ್ನೂ ಮೂರು ವರ್ಷದಲ್ಲಿ ಎಷ್ಟು ಸಲ ಕೇಳಿಕೊಂಡಿದ್ದಳೆಂದರೆ, ಅದು ಅವನದೋ ತನ್ನದೋ ತಿಳಿಯದಂತಾಗಿತ್ತು.

* * *

ಅಷ್ಟರಲ್ಲಿ ಬೋಪಯ್ಯನವರ ಕಣ್ಣು ಮಂಜಾಗಿತ್ತು. ಗೆಸ್ಟುಗಳಿಗೆ ಕಲಿಸುವುದು ಈಗ ಭ್ರಮರಾಂಬಳೇ. ಹೆಂಗಸಾ ಎಂದು ಮೂಗು ಮುರಿಯುತ್ತ ಬಂದವರು ಸಂಜೆಗೆ ಮೇಡಂ ಎನ್ನುತ್ತ ಹೋಗುತ್ತಿದ್ದರು.

ದಸರೆ ಮುಗಿದ ಮೇಲಿನ ಒಂದು ಬೆಳಿಗ್ಗೆ ಅವಳು ಜಗಲಿಯಲ್ಲಿ ಕೂತು ಗರಿ ಸುತ್ತುತ್ತಿದ್ದಳು. ಪಕ್ಕದಲ್ಲಿ ಬೋಪಯ್ಯ ಕಾಫಿ ಕುಡಿಯುತ್ತಿದ್ದರು.

ಛಟೀರ್!

ಹುಲ್ಲಿನ ಕಡೆಯಿಂದ. ಅವಳ ಕೈಯ ನೂಲು ಕಿತ್ತುಹೋಯಿತು.

"ಯಾರದು? ಹೊಸಬನಾ?" ಬೋಪಯ್ಯ ಕಿವಿ ನೆಟ್ಟಗೆ ಮಾಡಿದರು.

ಅವಳಿಗೆ ನೋಡಬೇಕಾಗಿರಲಿಲ್ಲ. ಅದೇ ಸದ್ದು. ಭುಜ ಹೆದರಿ ಎದ್ದ ಸದ್ದು. ಅದರಲ್ಲಿ ಬೇಕೆಂದು ಮಾಡಿದ್ದು ಎಳ್ಳಷ್ಟೂ ಇರಲಿಲ್ಲ.

'ಅಯ್ಯೋ ದೇವರೇ... ಬಿಟ್ಟುಕೊಟ್ಟಿರಲಿಲ್ಲ!'

"ಹೊಸಬರಲ್ಲ ಸರ್. ಹಳಬರು," ಎಂದಳು. ಎದ್ದು ಹುಲ್ಲಿನ ಕಡೆ ನಡೆದಳು.

ಉಮಾಶಂಕರ ತೆಳ್ಳಗಾಗಿದ್ದ. ಕೆನ್ನೆ ಬತ್ತಿತ್ತು. ಅವಳನ್ನು ಕಂಡು ಕೋಲನ್ನು ಬೆನ್ನ ಹಿಂದೆ ಮರೆಮಾಡಿದ, ಕದ್ದು ಸಿಕ್ಕಿಬಿದ್ದವನಂತೆ.

"ಲಾಡ್ಜಿನ ಮೇಷ್ಟ್ರಿಗೆ ಇಲ್ಲೇನು ಕೆಲಸ?"

"ಬಿಟ್ಟೆ. ಅಂದ್ರೆ... ಬಿಡಿಸಿದ್ರು ಅಂತ್ಲೂ ಅನ್ನಬಹುದು." ಅವನು ನಗಲು ನೋಡಿದ. "ಅವತ್ತಿಂದ ಕೈ ಹೋಯ್ತು ಭ್ರಮರ. ಬಾಯಲ್ಲೇ ಪಾಠ ಹೇಳಿ ಸಂಬಳ ತಗೊಂಡೆ. ಬೀಸಿ ತೋರ್ಸಿ ಅಂದ್ರೆ ಮೈ ಸರಿಯಿಲ್ಲ ಅಂತಿದ್ದೆ. ಎಷ್ಟು ದಿನ ಮೈ ಸರಿಯಿಲ್ದೆ ಇರೋಕಾಗುತ್ತೆ ಹೇಳು?"

"ನನ್ನ ಹತ್ರ ಯಾಕೆ ಬಂದ್ರಿ?"

"ಕಲಿಸ್ತೀರಾ... ಮೇಡಂ?"

ಅವಳು ಒಳಗೆ ಹೋಗಿ ಒಂದು ಹಳೆಯ ಕರ್ಚೀಫು ತಂದಳು. ಅದು ಅವನದೇ. ಮಣಿಕಟ್ಟನ್ನು ಕೋಲಿನ ಬುಡಕ್ಕೆ ಕಟ್ಟಿದಳು, ಸ್ವಲ್ಪ ಬಿಗಿಯಾಗಿಯೇ.

"ಆ... ನೋಯುತ್ತೆ."

"ನೋಯ್ಲಿ. ಬೀಸಿ."

ಛಟೀರ್!

"ತಿರುಗಿ ನೋಡ್ತಿಲ್ಲ ನೀವು."

"ನೋಡೋಕಾಗಲ್ಲ."

"ಯಾಕೆ?"

"ತಿರುಗಿದ್ರೆ ನೀನಿರ್ತೀಯ." ಅವನು ಕೋಲು ಇಳಿಸಿದ. "ಮೂರು ವರ್ಷ... ಎಲ್ಲಿ ನಿಂತು ಬೀಸಿದ್ರೂ, ತಿರುಗಿದ ತಕ್ಷಣ ಆ ಕಲ್ಲುಬೆಂಚು, ಅದರ ಮೇಲೆ ನೀನು. ಅವತ್ತು ಪಾಠದ ಪ್ರಕಾರ ದಾರ ನೋಡೋಕೆ ತಿರುಗಿದೆ. ದಾರ ಕಾಣಲಿಲ್ಲ, ನಿನ್ನ ಮುಖ ಕಾಣ್ತು. ನಾನು ಸೋಲಬೇಕು ಅಂತ ಆ ಮುಖ ಬೇಡ್ಕೊಳ್ತಾ ಇತ್ತು. ಹೆದರಿಕೆ ಆಯ್ತು ಭ್ರಮರ. ಇವಳು ನನ್ನ ದಾಟಿಬಿಟ್ಟಳು ಅಂತ ಹೆದರಿಕೆ. ಕೈ ಆತುರಪಡ್ತು."

ಅವಳು ಮರದ ಕಡೆ ನೋಡಿದಳು.

"ಬಿಟ್ಟುಕೊಡ್ಲಿಲ್ಲ ನಾನು," ಅವನೆಂದ. "ಸೋತೆ. ಸೋತಿದ್ದಕ್ಕಿಂತ ಕೀಳಾಗಿ ಸುಳ್ಳು ಹೇಳಿದೆ. ನಿನ್ನ ಗೆಲುವನ್ನ ಕಿತ್ಕೊಂಡು, ಅದನ್ನ ನಿನಗೇ ದಾನ ಮಾಡಿದ ಹಾಗೆ ನಿಂತ್ಕೊಂಡೆ. ಮ್ಯಾನೇಜರಿಗೆ ಮೊನ್ನೆ ಹೇಳಿದೆ, ಆ ಕೆಲಸ ಅವಳದ್ದು, ಅವಳಿಗೆ ಕೊಡಿ ಅಂತ. ನಕ್ಕು ಬೇರೆ ಯಾರನ್ನೋ ತಗೊಂಡ. ನನ್ನಿಂದ ಏನೂ ಸರಿಮಾಡೋಕಾಗಲಿಲ್ಲ."

ಭ್ರಮರಾಂಬಳಿಗೆ ಅಳು ಬರಬೇಕಿತ್ತು. ಬರಲಿಲ್ಲ. ಬಹಳ ದಿನ ಕಟ್ಟಿಟ್ಟ ಗಂಟು ಬಿಚ್ಚಿದರೆ ಒಳಗೆ ಏನೂ ಇಲ್ಲದಂತೆ, ಬರೀ ದಣಿವು.

"ನೀವು ಕಂಡದ್ದು ಸರಿ," ಎಂದಳು ಮೆಲ್ಲಗೆ. "ಬೇಡ್ಕೊಳ್ತಿದ್ದೆ. ಬೆಟ್ಟದ ಮಲ್ಲಿಕಾರ್ಜುನನಿಗೆ ಹರಕೆ ಹೊತ್ತಿದ್ದೆ, ಇವರ ಕೈ ತಪ್ಪಲಿ ಅಂತ. ಮದುವೆ ಆಗೋ ಹುಡುಗನ ಮೇಲೆ! ಹರಕೆ ಇನ್ನೂ ತೀರಿಸಿಲ್ಲ. ಯಾವ ಮುಖ ಇಟ್ಕೊಂಡು ಹೋಗ್ಲಿ?"

ಅವನು ಗಂಟು ಬಿಚ್ಚಿ ಕರ್ಚೀಫನ್ನು ಅವಳ ಕೈಗೆ ಕೊಟ್ಟು, ಕೋಲನ್ನು ಹುಲ್ಲಿನ ಮೇಲಿಟ್ಟ. ಹೊಳೆಯ ಸದ್ದು ಕೇಳುತ್ತಿತ್ತು.

"ಕ್ಷಮಿಸ್ತೀಯಾ?"

"ನನ್ನೊಬ್ಬಳ ಹತ್ರ ಗುಟ್ಟಾಗಿ ಹೇಳಿ ಹಗುರ ಮಾಡ್ಕೊಳ್ತೀರಾ?" ಅವಳ ದನಿ ಥಟ್ಟನೆ ಏರಿತು. "ಅವತ್ತು ಯಾರೆದುರಿಗೆ ಹೇಳಿದ್ರೋ, ಅವರೆದುರಿಗೇ ಹೇಳಿ. ನಡೀರಿ!"

* * *

ಗೇಟಿನ ಎದುರಿನ ಟೀ ಅಂಗಡಿಯಲ್ಲಿ ಕನಕರಾಜು ಬನ್ನು ಅದ್ದಿಕೊಂಡು ತಿನ್ನುತ್ತಿದ್ದ. ಅದೇ ಬೆಂಚು, ಹೆಚ್ಚುಕಡಿಮೆ ಅದೇ ಜನ. ಉಮಾಶಂಕರ ಅವರ ಮುಂದೆ ನಿಂತ. ಭ್ರಮರಾಂಬ ಹುಣಿಸೆ ಮರದ ನೆರಳಲ್ಲಿ ನಿಂತಳು.

"ಕನಕ, ಎಲ್ಲಾರೂ ಕೇಳಿ. ಅವತ್ತು ನಾನು ಬಿಟ್ಕೊಡ್ಲಿಲ್ಲ. ಹೆದರಿ ತಪ್ಪು ಬೀಸಿದೆ. ಭ್ರಮರಾಂಬ ನ್ಯಾಯವಾಗಿ ಗೆದ್ಳು. ನಾನು ಸೋತೆ, ಸುಳ್ಳು ಹೇಳ್ದೆ."

ಬನ್ನು ಟೀಯೊಳಗೆ ಬಿತ್ತು. ಕನಕರಾಜು ಅವನನ್ನು ನೋಡಿದ. ಆಮೇಲೆ ಮರದ ಕೆಳಗಿದ್ದವಳನ್ನು ನೋಡಿದ. ಅವನ ಮುಖ ಅರಳಿತು.

"ಓಹೋಹೋ! ಅಂಗಾ ಇಸ್ಯ! ಉಡ್ಗಿ ಒಪ್ಲಿ ಅಂತ ಈಗ ಸೋತೆ ಅಂತಾವ್ರೆ ಕಣ್ರಲಾ! ಎಂಥಾ ಮನ್ಸು ನೋಡ್ರಪ್ಪಾ ಮೇಷ್ಟ್ರುದ್ದು! ಅವತ್ತು ಆಟ ಬುಟ್ಕೊಟ್ರು, ಇವತ್ತು ಮಾನಾನೂ ಬುಟ್ಕೊಟ್ರು!"

"ಲೋ, ನಿಜ ಹೇಳ್ತಿದ್ದೀನಿ ಕಣೋ!"

"ಊಂ ಬುಡಿ, ನಿಜಾನೇ! ನಾವೇನ್ ಇಲ್ಲ ಅಂದ್ವಾ?" ಕನಕರಾಜು ಪಕ್ಕದವನಿಗೆ ಕಣ್ಣು ಮಿಟುಕಿಸಿದ. "ನಮ್ಮನೆ ಅವ್ಳಿಗೂ ಅಂಗೇ ಯೋಳಾದು ನಾನು, ಎಲ್ಲಾ ನೀನೇ ಗೆದ್ದೆ ತಾಯಿ ಅಂತ. ಬಾಮ್ಮಾ, ಒಪ್ಕೋ! ಇಂಥಾ ಗಂಡ ಲೋಕ್ದಲ್ಲಿ ಸಿಗಾಕಿಲ್ಲ!"

ಹೋ ಎಂದು ನಗು. ಅವತ್ತಿನದೇ ನಗು. ಉಮಾಶಂಕರ ಮತ್ತೆ ಮತ್ತೆ ಹೇಳಿದ, ಆಣೆ ಇಟ್ಟ. ಅವನು ಹೇಳಿದಷ್ಟೂ ಅವರು ಅವನನ್ನು ಮೆಚ್ಚುತ್ತಾ ಹೋದರು. ಅಂಗಡಿಯವನು ಇಬ್ಬರಿಗೂ ಬಿಟ್ಟಿ ಟೀ ಕೊಟ್ಟ.

ತೋಟಕ್ಕೆ ವಾಪಸ್ ನಡೆಯುವಾಗ ಅವನ ಕಣ್ಣು ಕೆಂಪಾಗಿತ್ತು.

"ಮತ್ತೆ ತಟ್ಟೆ ಇಡೋಣ ಭ್ರಮರ. ಎಲ್ಲರ ಮುಂದೆ. ನೀನು ಮತ್ತೆ ಗೆಲ್ಲು."

"ಮತ್ತೆ ಗೆದ್ರೂ ಬಿಟ್ಕೊಟ್ಟ ಅಂತಾರೆ. ಸತ್ತರೂ ಹಾಗೇ ಅಂತಾರೆ." ಅವಳು ನಕ್ಕಳು. ಆ ನಗುವಿನ ಕಹಿ ಅವಳಿಗೇ ನಾಲಿಗೆಯ ಮೇಲೆ ತಿಳಿಯಿತು. "ಆ ಗೆಲುವು ಹೋಯ್ತು ರೀ. ನನ್ನ ಜೀವನದಲ್ಲಿ ಅದೊಂದೇ ಇತ್ತು... ಅದನ್ನ ವಾಪಸ್ ತರೋಕೆ ನಿಮ್ಮಿಂದ್ಲೂ ಆಗಲ್ಲ, ನನ್ನಿಂದ್ಲೂ ಆಗಲ್ಲ."

ಅವನು ಮಾತಾಡಲಿಲ್ಲ. ಈ ಸಲ ಮಾತಾಡದೆ ಇದ್ದದ್ದು ಹೇಡಿತನದಿಂದಲ್ಲ ಎಂದು ಅವಳಿಗೆ ಗೊತ್ತಾಯಿತು. ಅಂಗಡಿಯ ಮುಂದೆ ಅವನು ಮಾನ ಕಳೆದುಕೊಳ್ಳಲು ಹೋಗಿದ್ದ. ಊರು ಕಳೆದುಕೊಳ್ಳಲು ಬಿಡಲಿಲ್ಲ. ಅದೂ ಒಂದು ಶಿಕ್ಷೆಯೇ.

ಹುಲ್ಲಿನ ಮೇಲೆ ಕೋಲು ಬಿದ್ದಿತ್ತು. ಅವಳು ಎತ್ತಿ ಅವನ ಕೈಗೆ ಕೊಟ್ಟಳು. ಕರ್ಚೀಫು ಕಟ್ಟಿದಳು. ಈ ಸಲ ಮೆತ್ತಗೆ. ಆಮೇಲೆ ಹೋಗಿ ಹೊಂಗೆ ಮರದ ಕೆಳಗೆ ಆ ಕಲ್ಲುಬೆಂಚಿನ ಮೇಲೆಯೇ ಕೂತಳು.

"ಬೀಸಿ."

"ಅಲ್ಲಿ ಕೂತ್ಕೋಬೇಡ, ಭ್ರಮರ..."

"ಇಲ್ಲೇ ಕೂರ್ತೀನಿ. ತಿರುಗಿ ನೋಡಿ."

ಅವನು ಕೋಲು ಎತ್ತಿದ. ದಾರ ಹಿಂದಕ್ಕೆ ಹಾರಿತು. ಅವನ ಭುಜ ಏಳತೊಡಗಿತು... ತಿರುಗಿದ. ಅವಳನ್ನು ಕಂಡ. ಅವಳ ಮುಖದಲ್ಲಿ ಅವನು ಸೋಲಲಿ ಎಂದಿರಲಿಲ್ಲ, ಗೆಲ್ಲಲಿ ಎಂದೂ ಇರಲಿಲ್ಲ. ಅವಳು ದಾರವನ್ನು ನೋಡುತ್ತಿದ್ದಳು. ಅವನೂ ದಾರವನ್ನು ನೋಡಿದ.

ದಾರ ಬಿಚ್ಚಿಕೊಳ್ಳುತ್ತಾ, ಬಿಚ್ಚಿಕೊಳ್ಳುತ್ತಾ ಅವಳ ತಲೆಯ ಮೇಲೆ ನೀಳವಾಗಿ ನಿಂತಿತು.

ಸದ್ದಿಲ್ಲದೆ ಮುಂದಕ್ಕೆ ಹೋಯಿತು.

ಉಲ್ಲನ್ ಎಲ್ಲಿ ಬಿತ್ತೆಂದು ಇಬ್ಬರೂ ನೋಡಲಿಲ್ಲ. ಅವನು ಅಲ್ಲೇ ಕುಸಿದು ಕೂತು, ಇನ್ನೊಂದು ಕೈಯಿಂದ ಮುಖ ಮುಚ್ಚಿಕೊಂಡ. ಅವಳು ಬಂದು ಪಕ್ಕದಲ್ಲಿ ಕೂತಳು, ಒಂದು ಮೊಳ ಅಂತರ ಬಿಟ್ಟು.

"ನಾನು ಹೇಳಿದ್ದು ನಂಬ್ತೀಯಾ?"

"ನೀವು ಹೇಳೋ ಮೊದಲೇ ನಂಬಿದ್ದೆ. ಬೆಳಿಗ್ಗೆ ಸದ್ದು ಕೇಳಿದಾಗ್ಲೇ."

"ಮತ್ತೆ... ಕ್ಷಮಿಸಿದ್ಯಾ?"

"ಇನ್ನೂ ಇಲ್ಲ."

"ಯಾವಾಗ?"

ಅವಳು ಅವನ ಮಣಿಕಟ್ಟಿನ ಗಂಟನ್ನು ಬಿಚ್ಚತೊಡಗಿದಳು. ಬೀಸಿದ ಎಳೆತಕ್ಕೆ ಗಂಟು ಬಿಗಿದುಕೊಂಡಿತ್ತು. ನಿಧಾನವಾಗಿ, ಉಗುರಿನ ತುದಿಯಿಂದ, ಮಲ್ಲಿಗೆ ದಂಡೆ ಬಿಡಿಸುವಂತೆ ಬಿಡಿಸಿದಳು.

"ಆತುರಪಟ್ರೆ ಏನಾಗುತ್ತೆ ಅಂತ ಹೇಳಿಕೊಟ್ಟಿದ್ದು ಯಾರು?"

"...ನಾನೇ."

"ಮತ್ತೆ?"

"ಕಾಯ್ತೀನಿ ಭ್ರಮರ."

"ಹೂಂ." ಗಂಟು ಬಿಚ್ಚಿತು. ಅವಳು ಕರ್ಚೀಫನ್ನು ಮಡಿಸಿ ತನ್ನ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಅವನ ಕೈಯನ್ನು ಮಾತ್ರ ಬಿಡಲಿಲ್ಲ. "ಕಾಯಿರಿ. ಇಲ್ಲೇ ಕೂತಿರ್ತೀನಿ."